ಹಳೇ ಬೇಸ್‌ಬಾಲ್ ಫೋಟೋ, ಸಿಗರೇಟು ಕಾರ್ಡು, ಚಿನ್ನದ ಬಣ್ಣದ ಚೆಂಡು: ತಗೊಳ್ಳೋದಾ, ಬಿಡೋದಾ?

ಹೊಬೋಕನ್ ಹರೀಶ
ಎಲ್ಲರಿಗೂ ನಮಸ್ಕಾರ. ಇಲ್ಲಿ ನಾಣ್ಯ, ಅಂಚೆಚೀಟಿ ಕೂಡಿಡುವವರೇ ಜಾಸ್ತಿ ಅಂತ ಗೊತ್ತು. ಆದರೂ ಅಮೆರಿಕದಲ್ಲಿರುವವರು ಯಾರಾದರೂ ದಾರಿ ತೋರಿಸಬಹುದು ಅಂತ ಕೇಳುತ್ತಿದ್ದೇನೆ.

ನಮ್ಮ ಮನೆಯಿಂದ ಸ್ವಲ್ಪ ದೂರದಲ್ಲಿ ಒಂದು ಹಳೇ ಮನೆ ಖಾಲಿ ಮಾಡುತ್ತಿದ್ದಾರೆ. ಎಸ್ಟೇಟ್ ಸೇಲ್. ಕುರ್ಚಿ ನೋಡಲು ಹೋದವನಿಗೆ ಒಂದು ತಗಡಿನ ಡಬ್ಬಿ ಸಿಕ್ಕಿತು. ಅದರಲ್ಲಿ ಮೂರು ವಸ್ತು ಇವೆ.

ಒಂದು, ರಟ್ಟಿಗೆ ಅಂಟಿಸಿದ ಚಿಕ್ಕ ಫೋಟೋ. ಅಂಗೈಗಿಂತ ಚಿಕ್ಕದು. ಒಂಬತ್ತು ಜನ, ಎದೆ ಮೇಲೆ ಗುಂಡಿ ಹಾಕಿದ ದೊಡ್ಡ ತುಂಡು ಬಟ್ಟೆ ಇರುವ ಅಂಗಿ. ಹಿಂದೆ ಸ್ಟುಡಿಯೋ ಹೆಸರು, ಒಂದು ಸ್ಟ್ಯಾಂಪು. ಎರಡು, ಕಂದು ಬಣ್ಣದ ಪುಟ್ಟ ಕಾರ್ಡು. ಮೇಲೆ 'ಓಲ್ಡ್ ಜಡ್ಜ್' ಅಂತಿದೆ. ಆಟಗಾರ ಬಗ್ಗಿ ಚೆಂಡು ಹಿಡಿಯುತ್ತಿದ್ದಾನೆ. ಮೂರು, ಚಿನ್ನದ ಬಣ್ಣ ಬಳಿದ ಚೆಂಡು. ಕಪ್ಪಕ್ಷರದಲ್ಲಿ 1868, ಎರಡು ತಂಡದ ಹೆಸರು, ಸ್ಕೋರು.

ಮೂರೂ ಸೇರಿ 1800 ಡಾಲರ್ ಕೇಳುತ್ತಿದ್ದಾರೆ. ಬಿಡಿಯಾಗಿ ಕೊಡುವುದಿಲ್ಲವಂತೆ. ನನಗೆ ಬೇಸ್‌ಬಾಲ್ ಅಂದರೆ ಟೀವಿಯಲ್ಲಿ ನೋಡಿದಷ್ಟೇ. ತಗೊಳ್ಳಲಾ?

ಚಿಕ್ಕಪೇಟೆ ಚಂದ್ರು
ಒಂದೂವರೆ ಲಕ್ಷ ರೂಪಾಯಿ! ಕುರ್ಚಿ ತಗೊಳ್ಳಿ ಗುರೂ. ಕೂರೋಕಾದ್ರೂ ಆಗುತ್ತೆ.

ಹಳೇಕಾಗದ ಶ್ರೀನಾಥ
ಹರೀಶ್ ಅವರೇ, ಮೊದಲು ಕಾರ್ಡಿನ ವಿಷಯ, ಅದು ನನಗೆ ಚೆನ್ನಾಗಿ ಗೊತ್ತು.

ಓಲ್ಡ್ ಜಡ್ಜ್ ಅನ್ನುವುದು ನ್ಯೂಯಾರ್ಕಿನ ಗುಡ್ವಿನ್ ಕಂಪನಿಯ ಸಿಗರೇಟು. 1886ರಿಂದ 1890ರವರೆಗೆ ಪ್ಯಾಕಿನ ಒಳಗೆ ಈ ಕಾರ್ಡುಗಳನ್ನು ಹಾಕುತ್ತಿದ್ದರು. ಪ್ಯಾಕು ಬಾಗದ ಹಾಗೆ ಗಟ್ಟಿ ಇರಲಿ ಅಂತ ಒಂದು, ಗಿರಾಕಿ ಮತ್ತೆ ಬರಲಿ ಅಂತ ಇನ್ನೊಂದು. 500ಕ್ಕೂ ಹೆಚ್ಚು ಆಟಗಾರರು, ಒಬ್ಬೊಬ್ಬನಿಗೆ ಹಲವು ಭಂಗಿ. ಎಲ್ಲಾ ಸೇರಿದರೆ ಸಾವಿರಾರು ಬೇರೆ ಬೇರೆ ಕಾರ್ಡು. ಇದನ್ನು ಪೂರ್ತಿ ಮಾಡುತ್ತೇನೆ ಅಂತ ಹೊರಟವನು ಮನೆ ಮಠ ಮರೆಯಬೇಕಾಗುತ್ತದೆ.

ಅಸಲಿ ಓಲ್ಡ್ ಜಡ್ಜ್ ಛಾಪಿಸಿದ್ದಲ್ಲ. ಅದು ನಿಜವಾದ ಫೋಟೋ. ಮೊಟ್ಟೆಯ ಬಿಳಿ ಲೋಳೆ ಬಳಿದ ತೆಳು ಕಾಗದದ ಮೇಲೆ ಫೋಟೋ ಮೂಡಿಸಿ, ರಟ್ಟಿಗೆ ಅಂಟಿಸಿದ್ದು. ಹಾಗಾಗಿ ಒಂದು ಭೂತಗನ್ನಡಿ ತಗೊಂಡು ಹೋಗಿ. ಮುಖದ ಮೇಲೆ ಚುಕ್ಕಿ ಚುಕ್ಕಿ ಕಂಡರೆ ಅದು ಆಮೇಲೆ ಅಚ್ಚಾದ ನಕಲು. ಬಣ್ಣ ನಯವಾಗಿ ಕರಗಿದ ಹಾಗೆ ಕಂಡರೆ ಮುಂದಿನ ಮಾತು. ಅಳತೆ ಸುಮಾರು ಒಂದೂವರೆ ಇಂಚು ಅಗಲ, ಎರಡೂವರೆ ಇಂಚು ಎತ್ತರ. ಹಿಂಭಾಗ ಸಾಮಾನ್ಯವಾಗಿ ಖಾಲಿ.

ಇನ್ನೊಂದು ಮಜಾ. ಆಗಿನ ಕ್ಯಾಮೆರಾಕ್ಕೆ ಓಡುವ ಚೆಂಡನ್ನು ಹಿಡಿಯಲು ಆಗುತ್ತಿರಲಿಲ್ಲ. ಸ್ಟುಡಿಯೋದಲ್ಲಿ ದಾರಕ್ಕೆ ಚೆಂಡು ಕಟ್ಟಿ ತೂಗಿಬಿಟ್ಟು, ಅದರ ಕೆಳಗೆ ಆಟಗಾರನನ್ನು ನಿಲ್ಲಿಸುತ್ತಿದ್ದರು. ಎಷ್ಟೋ ಕಾರ್ಡುಗಳಲ್ಲಿ ಆ ದಾರ ಕಾಣುತ್ತದೆ. ನಿಮ್ಮದರಲ್ಲಿ ಹೆಸರೇನಿದೆ?

ಹೊಬೋಕನ್ ಹರೀಶ
ಹೆಸರು ಅರ್ಧ ಮಾಸಿದೆ ಸಾರ್. ಕೆಳಗೆ 'ಇಂಡಿಯಾನಾಪೊಲಿಸ್' ಅಂತ ಓದಬಹುದು. ಕೆಳಗಿನ ಮೂಲೆ ಸ್ವಲ್ಪ ಕಿತ್ತಿದೆ, ಹಿಂದೆ ಅಂಟಿನ ಕಲೆ ಇದೆ.

ಹಳೇಕಾಗದ ಶ್ರೀನಾಥ
ಅಂಟಿನ ಕಲೆ ನೋಡಿ ಹೆದರಬೇಡಿ. ಆಗಿನ ಮಕ್ಕಳು ಇವನ್ನೆಲ್ಲ ಪುಸ್ತಕಕ್ಕೆ ಅಂಟಿಸಿಡುತ್ತಿದ್ದರು. ಬೆಲೆ ಇಳಿಯುತ್ತದೆ ನಿಜ, ಆದರೆ ನೂರು ವರ್ಷ ಉಳಿದದ್ದು ಆ ಅಂಟಿನಿಂದಲೇ. ಅಷ್ಟೇನೂ ಹೆಸರಿಲ್ಲದ ಆಟಗಾರ, ಹಾಳಾದ ಕಾರ್ಡು ಅಂದರೆ ಕೆಲವು ನೂರು ಡಾಲರ್ ಆಸುಪಾಸು. ಆಗಿನ ದೊಡ್ಡ ಆಟಗಾರ ಕ್ಯಾಪ್ ಆ್ಯನ್ಸನ್ ಯೂನಿಫಾರ್ಮಿನಲ್ಲಿ ಇರುವ ಓಲ್ಡ್ ಜಡ್ಜ್ ಸಿಕ್ಕಿದರೆ ಬೇರೆ ಮಾತು. ಅದು ತುಂಬಾ ಅಪರೂಪ.

ಸನ್ನಿವೇಲ್ ಸಂತು
ಬೇಸ್‌ಬಾಲ್ ಕಾರ್ಡ್ ಅಂದರೆ ಹೋನಸ್ ವ್ಯಾಗ್ನರ್ ಅನ್ನುವ ಆಟಗಾರನದು ಅಲ್ವಾ? 2022ರಲ್ಲಿ 72 ಲಕ್ಷ ಡಾಲರ್‌ಗೆ ಹೋಯಿತು. ಹರೀಶಣ್ಣ, ಡಬ್ಬಿ ತಳ ಚೆನ್ನಾಗಿ ನೋಡಿ!

ಹಳೇಕಾಗದ ಶ್ರೀನಾಥ
ಅದು 1909ರಿಂದ 11ರ ನಡುವಿನದು ಸಂತು. ಇಪ್ಪತ್ತನೇ ಶತಮಾನ. ನಾವು ಮಾತಾಡುತ್ತಿರುವುದು ಅದಕ್ಕಿಂತ ಹಿಂದಿನದು. ಕಾರ್ಡುಗಳಿಗೆ ಎನ್ 172, ಟಿ 206 ಅಂತ ಹೆಸರು ಇರುತ್ತದಲ್ಲ, ಎನ್ ಅಂದರೆ ಹತ್ತೊಂಬತ್ತನೇ ಶತಮಾನದ ತಂಬಾಕು ಕಾರ್ಡು, ಟಿ ಅಂದರೆ ಇಪ್ಪತ್ತನೇ ಶತಮಾನದ್ದು. ಓಲ್ಡ್ ಜಡ್ಜ್ ಎನ್ 172. ಈ ಪಟ್ಟಿ ಮಾಡಿದವನು ಜೆಫರ್ಸನ್ ಬರ್ಡಿಕ್. ಕೂಡಿಟ್ಟ ಮೂರು ಲಕ್ಷಕ್ಕೂ ಹೆಚ್ಚು ಕಾರ್ಡು, ಚೀಟಿಗಳನ್ನು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂಗೆ ದಾನ ಕೊಟ್ಟ. 1963ರಲ್ಲಿ ತೀರಿಕೊಂಡ.

ಚಿಕ್ಕಪೇಟೆ ಚಂದ್ರು
ಮೂರು ಲಕ್ಷ ಕಾರ್ಡು ಪುಕ್ಕಟೆ ಕೊಟ್ಟನಾ? ಅವನ ಹೆಂಡತಿ ಸುಮ್ನೆ ಇದ್ದಳಾ?

ಹಳೇಕಾಗದ ಶ್ರೀನಾಥ
ಮದುವೆಯೇ ಆಗಿರಲಿಲ್ಲ.

ಚಿಕ್ಕಪೇಟೆ ಚಂದ್ರು
ಈಗ ಅರ್ಥ ಆಯಿತು.

ರೋಚೆಸ್ಟರ್ ರೇಖಾ
ಕಾರ್ಡು ಬಿಡಿ, ಮೂರರಲ್ಲಿ ನನಗೆ ಕುತೂಹಲ ಇರುವುದು ಫೋಟೋದ್ದು. ನಾನು ಹಳೇ ಫೋಟೋಗಳನ್ನೇ ಕೂಡಿಡುವವಳು.

ಹಿಂದಿನ ಸ್ಟ್ಯಾಂಪು ಅಂಚೆಚೀಟಿ ಅಲ್ಲ ಹರೀಶ್. ಅದು ತೆರಿಗೆ ಚೀಟಿ. ಅಂತರ್ಯುದ್ಧದ ಖರ್ಚಿಗೆ ಅಮೆರಿಕ ಸರ್ಕಾರ ಫೋಟೋಗಳ ಮೇಲೂ ತೆರಿಗೆ ಹಾಕಿತ್ತು. 1864ರ ಸೆಪ್ಟೆಂಬರ್ 1ರಿಂದ 1866ರ ಆಗಸ್ಟ್ 1ರವರೆಗೆ ಮಾತ್ರ. ಫೋಟೋ 25 ಸೆಂಟ್ ಒಳಗಿದ್ದರೆ 2 ಸೆಂಟ್ ಚೀಟಿ, ಅದಕ್ಕಿಂತ ದುಬಾರಿ, 50 ಸೆಂಟ್‌ವರೆಗೆ ಇದ್ದರೆ 3 ಸೆಂಟ್. ಸ್ಟುಡಿಯೋದವರು ಪೆನ್ನಿನಲ್ಲಿ ಅದರ ಮೇಲೆ ಗೀಚಿ ರದ್ದು ಮಾಡುತ್ತಿದ್ದರು. ಆ ಗೀಚು ಚೀಟಿ ದಾಟಿ ರಟ್ಟಿನ ಮೇಲೂ ಹರಿದಿದೆಯಾ ನೋಡಿ. ಹರಿದಿದ್ದರೆ ಚೀಟಿ ಆಗಲೇ ಅಂಟಿಸಿದ್ದು ಅನ್ನಬಹುದು. ಬೆಲೆ ಏರಿಸಲು ಹಳೇ ಚೀಟಿ ತಂದು ಅಂಟಿಸುವವರೂ ಇದ್ದಾರೆ.

ಅದಕ್ಕಿಂತ ದೊಡ್ಡ ಪ್ರಶ್ನೆ: ಅವರ ಕೈಯಲ್ಲಿ ಬ್ಯಾಟ್ ಇದೆಯಾ? ಚೆಂಡು ಇದೆಯಾ?

ಹೊಬೋಕನ್ ಹರೀಶ
ಬ್ಯಾಟ್ ಇಲ್ಲ ಮೇಡಂ. ಆದರೆ ಒಂಬತ್ತು ಜನ ಇದ್ದಾರಲ್ಲ, ಒಂದೇ ಥರದ ಅಂಗಿ. ಮಾರುವವರೂ ಬೇಸ್‌ಬಾಲ್ ತಂಡ ಅಂತಲೇ ಹೇಳುತ್ತಿದ್ದಾರೆ.

ರೋಚೆಸ್ಟರ್ ರೇಖಾ
ಅದೇ ನನಗೆ ಅನುಮಾನ. ಎದೆ ಮೇಲೆ ಗುಂಡಿ ಹಾಕುವ ತುಂಡು ಇರುವ ಅಂಗಿಯನ್ನು ಆಗ ಬೆಂಕಿ ಆರಿಸುವ ಸ್ವಯಂಸೇವಕ ಪಡೆಯವರೂ ಹಾಕುತ್ತಿದ್ದರು. ಬೇಸ್‌ಬಾಲ್ ತಂಡಗಳು ಹುಟ್ಟಿದ್ದೇ ಎಷ್ಟೋ ಕಡೆ ಅಂಥ ಪಡೆಗಳಿಂದ. ನ್ಯೂಯಾರ್ಕಿನ ಮ್ಯೂಚುವಲ್ ತಂಡ 1857ರಲ್ಲಿ ಅದೇ ಹೆಸರಿನ ಅಗ್ನಿಶಾಮಕ ಪಡೆಯಿಂದ ಶುರುವಾದದ್ದು. ಹಾಗಾಗಿ ಬ್ಯಾಟ್, ಚೆಂಡು ಎರಡೂ ಇಲ್ಲದ ಫೋಟೋವನ್ನು ಬೇಸ್‌ಬಾಲ್ ಅಂತ ಮಾರಿದರೆ ನಾನು ಬೇಸ್‌ಬಾಲ್ ಬೆಲೆ ಕೊಡುವುದಿಲ್ಲ. ಬೆಂಕಿ ಪಡೆಯ ಫೋಟೋ ಬೆಲೆ ಕೊಡುತ್ತೇನೆ. ಎರಡಕ್ಕೂ ಆಕಾಶ ಭೂಮಿ ವ್ಯತ್ಯಾಸ.

ಮಂಡ್ಯದ ಮಾದೇಶ
ಒಂಬತ್ತು ಜನ ಇದ್ದರೆ ಸಾಕಾಗಲ್ವಾ ಅಕ್ಕ? ಬೇಸ್‌ಬಾಲ್‌ಗೆ ಒಂಬತ್ತೇ ಅಲ್ವಾ?

ರೋಚೆಸ್ಟರ್ ರೇಖಾ
ಹಗ್ಗ ಎಳೆಯುವವರೂ ಒಂಬತ್ತು ಜನ ಇರಬಹುದು ಮಾದೇಶ್. ಕೋಟು ಹಾಕಿದ ಒಂಬತ್ತು ಜನ ಕುಳಿತ ಫೋಟೋವನ್ನೂ 'ಬೇಸ್‌ಬಾಲ್ ತಂಡ' ಅಂತ ಹಾಕಿ ಮಾರುತ್ತಾರೆ. ಈ ಹವ್ಯಾಸದಲ್ಲಿ ಅದೊಂದು ರೋಗ.

ಸನ್ನಿವೇಲ್ ಸಂತು
ಆದರೆ ಅದೃಷ್ಟ ಅನ್ನುವುದೂ ಇದೆಯಲ್ಲ. ಮೇನ್ ರಾಜ್ಯದ ಬೇಲಿವಿಲ್ ಅನ್ನುವ ಸಣ್ಣ ಊರಿನಲ್ಲಿ ಒಬ್ಬರಿಗೆ ಯಾರ್ಡ್ ಸೇಲ್‌ನಲ್ಲಿ ಹಳೇ ಕೋಕ್ ಬಾಟಲಿ, ಕುರ್ಚಿಗಳ ಜೊತೆ ಒಂದು ಫೋಟೋ ಆಲ್ಬಂ ಸಿಕ್ಕಿತು. ಎಲ್ಲಾ ಸೇರಿ ನೂರು ಡಾಲರ್ ಕೂಡ ಕೊಟ್ಟಿರಲಿಲ್ಲ. ಅದರಲ್ಲಿ 1865ರ ಬ್ರೂಕ್ಲಿನ್ ಅಟ್ಲಾಂಟಿಕ್ಸ್ ತಂಡದ ಫೋಟೋ ಇತ್ತು. 2013ರ ಫೆಬ್ರವರಿಯಲ್ಲಿ ಹರಾಜಿಗೆ ಇಟ್ಟರೆ 92,000 ಡಾಲರ್! ಹರೀಶಣ್ಣನ ಫೋಟೋ ಕೂಡ ಅದೇ ಕಾಲದ್ದು.

ರೋಚೆಸ್ಟರ್ ರೇಖಾ
ಸಂತು, ಆ ಫೋಟೋದ ಮೇಲೆ 'ಚಾಂಪಿಯನ್ಸ್ ಆಫ್ ಅಮೆರಿಕಾ' ಅಂತ ಅಚ್ಚಾಗಿದೆ. ಇನ್ನೊಂದು ಪ್ರತಿ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿದೆ. ತೆಗೆದವನು ಬ್ರೂಕ್ಲಿನ್‌ನ ಚಾರ್ಲ್ಸ್ ವಿಲಿಯಮ್ಸನ್ ಅಂತಲೂ ಗೊತ್ತು. ಯಾವ ತಂಡ, ಯಾರು ತೆಗೆದದ್ದು, ಇನ್ನೆಲ್ಲಿದೆ, ಎಲ್ಲಾ ತಿಳಿದಿರುವ ವಸ್ತು. ದುಡ್ಡು ಬಂದದ್ದು ಅದಕ್ಕೆ. ಹೆಸರಿಲ್ಲದ ಒಂಬತ್ತು ಜನಕ್ಕೆ ಅಲ್ಲ.

ಗದಗಿನ ಗಂಗಾಧರ
ಅದನ್ನು ಕಾರ್ಡು ಅನ್ನಬೇಕೋ ಫೋಟೋ ಅನ್ನಬೇಕೋ ಅಂತಲೂ ಆಗ ಜಗಳ ಆಗಿತ್ತು ನೋಡ್ರಿ. ಪೇಪರಿನವರು 'ಮೊದಲ ಬೇಸ್‌ಬಾಲ್ ಕಾರ್ಡು' ಅಂತ ಬರೆದರು. ಸಿಗರೇಟು, ಅಂಗಡಿ, ಯಾವುದಕ್ಕೂ ಸಂಬಂಧ ಇಲ್ಲದ್ದು ಕಾರ್ಡು ಹೇಗೆ ಆಗುತ್ತದೆ ರೀ?

ಹಳೇಕಾಗದ ಶ್ರೀನಾಥ
ಸರಿಯಾಗಿ ಹೇಳಿದಿರಿ. ಕಾರ್ಡು ಅಂತ ಧೈರ್ಯವಾಗಿ ಕರೆಯಬಹುದಾದದ್ದು ಪೆಕ್ ಆಂಡ್ ಸ್ನೈಡರ್‌ನದು. ಅದು ನ್ಯೂಯಾರ್ಕಿನ ಆಟದ ಸಾಮಾನಿನ ಅಂಗಡಿ. ಮುಂದೆ 1869ರ ಸಿನ್ಸಿನಾಟಿ ರೆಡ್ ಸ್ಟಾಕಿಂಗ್ಸ್ ತಂಡದ ಫೋಟೋ, ಹಿಂದೆ ಅಂಗಡಿಯ ಜಾಹೀರಾತು. ಗುಟ್ಟು ಮಾಡದೆ ಎಲ್ಲರಿಗೂ ಸಂಬಳ ಕೊಟ್ಟು ಆಡಿಸಿದ ಮೊದಲ ತಂಡ ಅದು. 1869ರಲ್ಲಿ ಒಂದು ಪಂದ್ಯವನ್ನೂ ಸೋಲಲಿಲ್ಲ. ಕೊನೆಗೆ 1870ರ ಜೂನ್ 14ರಂದು ಬ್ರೂಕ್ಲಿನ್‌ನಲ್ಲಿ ಅದೇ ಅಟ್ಲಾಂಟಿಕ್ಸ್ ಕೈಯಲ್ಲಿ 8-7ಕ್ಕೆ ಸೋತರು, ಅದೂ 11 ಇನ್ನಿಂಗ್ಸ್ ಆದ ಮೇಲೆ.

ಮಂಡ್ಯದ ಮಾದೇಶ
ಬೇಸ್‌ಬಾಲ್ ಕಂಡುಹಿಡಿದದ್ದು ಆ್ಯಬ್ನರ್ ಡಬಲ್‌ಡೇ ಅಂತ ನನ್ನ ಮಗಳ ಶಾಲೆ ಪುಸ್ತಕದಲ್ಲಿ ಓದಿದ ನೆನಪು. 1839, ಕೂಪರ್ಸ್‌ಟೌನ್. ಹಾಗಾದರೆ ಅಲ್ಲಿಯ ಸಾಮಾನು ಇನ್ನೂ ದುಬಾರಿ ಇರಬೇಕು?

ಗದಗಿನ ಗಂಗಾಧರ
ಅದು ಕಟ್ಟುಕಥೆ ಮಾದೇಶಣ್ಣ. 1905ರಲ್ಲಿ ಆಟದ ಸಾಮಾನಿನ ವ್ಯಾಪಾರಿ ಸ್ಪಾಲ್ಡಿಂಗ್ ಒತ್ತಾಯಕ್ಕೆ ಒಂದು ಸಮಿತಿ ಕೂತು, ಒಬ್ಬ ಮುದುಕನ ಪತ್ರ ನಂಬಿ ಡಬಲ್‌ಡೇ ಹೆಸರು ಹೇಳಿತು. ಇಂಗ್ಲೆಂಡಿನಿಂದ ಬಂದ ಆಟ ಅಂತ ಒಪ್ಪಲು ಮನಸ್ಸಿರಲಿಲ್ಲ, ಅಷ್ಟೇ. 1839ರಲ್ಲಿ ಆ ಡಬಲ್‌ಡೇ ವೆಸ್ಟ್ ಪಾಯಿಂಟ್ ಸೈನಿಕ ಶಾಲೆಯಲ್ಲಿದ್ದ. ಆ ಕಥೆ ನಂಬಿಯೇ 1939ರಲ್ಲಿ ಕೂಪರ್ಸ್‌ಟೌನ್‌ನಲ್ಲಿ ಹಾಲ್ ಆಫ್ ಫೇಮ್ ತೆರೆದರು. ಕಥೆ ಸುಳ್ಳಾದರೂ ಮ್ಯೂಸಿಯಂ ಚೆನ್ನಾಗಿದೆ, ಹೋಗಿ ಬನ್ನಿ.

ನ್ಯೂಜೆರ್ಸಿ ನಾಗರತ್ನ
ಹೊಬೋಕನ್‌ನಲ್ಲಿ ಇದ್ದುಕೊಂಡು ಯಾರೂ ಎಲಿಸಿಯನ್ ಫೀಲ್ಡ್ಸ್ ಮೈದಾನದ ಹೆಸರು ಎತ್ತಲಿಲ್ಲವಲ್ಲ! 1846ರ ಜೂನ್ 19ರಂದು ನಿಕರ್‌ಬಾಕರ್ ಕ್ಲಬ್ ಅಲ್ಲಿ ಆಡಿ 23-1ರಲ್ಲಿ ಸೋತಿತು. ಹನ್ನೊಂದನೇ ಬೀದಿ, ವಾಷಿಂಗ್ಟನ್ ಬೀದಿ ಸೇರುವಲ್ಲಿ ಫಲಕ ಇದೆ. ಮೊದಲ ಬೇಸ್‌ಬಾಲ್ ಪಂದ್ಯ ಅದೇ.

ಗದಗಿನ ಗಂಗಾಧರ
ಮೊದಲನೆಯದು ಅಲ್ಲ ಅಕ್ಕಾರ. 1845ರ ಅಕ್ಟೋಬರ್‌ನಲ್ಲೇ ನ್ಯೂಯಾರ್ಕ್, ಬ್ರೂಕ್ಲಿನ್ ತಂಡಗಳು ಆಡಿದ್ದು ಪತ್ರಿಕೆಯಲ್ಲಿ ಬಂದಿದೆ. ಅದಕ್ಕೂ ಹಿಂದೆ, 1791ರಲ್ಲಿ ಮ್ಯಾಸಚೂಸೆಟ್ಸ್‌ನ ಪಿಟ್ಸ್‌ಫೀಲ್ಡ್ ಊರಿನವರು ಸಭಾಭವನದ ಕಿಟಕಿ ಗಾಜು ಉಳಿಸಲು ಅದರ ಹತ್ತಿರ ಬೇಸ್‌ಬಾಲ್ ಆಡಬಾರದು ಅಂತ ಕಟ್ಟಳೆ ಮಾಡಿದ್ದರು. ಆಗಲೇ ಗಾಜು ಒಡೆಯುವಷ್ಟು ಆಡುತ್ತಿದ್ದರು ಅಂತ ಆಯಿತಲ್ಲ.

ನ್ಯೂಜೆರ್ಸಿ ನಾಗರತ್ನ
ಫಲಕದಲ್ಲಿ ಇದ್ದದ್ದು ಹೇಳಿದೆ ರೀ. ಫಲಕಕ್ಕೆ ಹೇಳಿ.

ಹೊಬೋಕನ್ ಹರೀಶ
ಚೆಂಡಿನ ಬಗ್ಗೆ ಯಾರೂ ಏನೂ ಹೇಳಲಿಲ್ಲ. ನನಗೆ ಅದೇ ಚೆನ್ನಾಗಿ ಕಂಡದ್ದು.

ಹಳೇಕಾಗದ ಶ್ರೀನಾಥ
ಬೇಕಂತಲೇ ಸುಮ್ಮನಿದ್ದೆ. ಅದನ್ನು ಮುಟ್ಟಬೇಡಿ ಅಂತ ನನ್ನ ಸಲಹೆ.

ಪದ್ಧತಿ ನಿಜ. ಆಗ ಸೋತ ತಂಡ ಆಟದ ಚೆಂಡನ್ನು ಗೆದ್ದವರಿಗೆ ಕೊಡಬೇಕಿತ್ತು. ಗೆದ್ದವರು ಅದಕ್ಕೆ ಬಣ್ಣ ಬಳಿಸಿ, ತಾರೀಕು, ಸ್ಕೋರು ಬರೆಸಿ ಕ್ಲಬ್ಬಿನ ಗಾಜಿನ ಪೆಟ್ಟಿಗೆಯಲ್ಲಿ ಇಡುತ್ತಿದ್ದರು. ಅಂಥ ಅಸಲಿ ಚೆಂಡುಗಳು ಇವೆ. ತೊಂದರೆ ಏನು ಅಂದರೆ, ಬರಿಯ ಹಳೇ ಚೆಂಡಿಗೆ ಹೆಚ್ಚು ಬೆಲೆ ಇಲ್ಲ, ಅಕ್ಷರ ಇರುವ ಚೆಂಡಿಗೆ ಸಿಕ್ಕಾಪಟ್ಟೆ ಬೆಲೆ. ನಡುವೆ ಬೇಕಾದದ್ದು ಒಂದು ಕುಂಚ, ಸ್ವಲ್ಪ ಬಣ್ಣ.

ದೊಡ್ಡವರೇ ಸಿಕ್ಕಿಬಿದ್ದಿದ್ದಾರೆ. ಬಿಲ್ ಮಾಸ್ಟ್ರೋ ಅಂತ ಒಬ್ಬ, ಈ ವ್ಯಾಪಾರದಲ್ಲೇ ದೊಡ್ಡ ಹರಾಜುಗಾರ. 2013ರಲ್ಲಿ ವಂಚನೆ ಒಪ್ಪಿಕೊಂಡ. ಸಂತು ಹೇಳಿದ ವ್ಯಾಗ್ನರ್ ಕಾರ್ಡುಗಳಲ್ಲೇ ಅತಿ ಹೆಸರುವಾಸಿಯಾದ ಒಂದರ ಅಂಚು ಕತ್ತರಿಸಿ ಹೊಸದರಂತೆ ಮಾಡಿದ್ದೂ ಅವನೇ ಅಂತ ಒಪ್ಪಿಕೊಂಡ. ಅದೇ ಕೇಸಿನಲ್ಲಿ 1869ರ ರೆಡ್ ಸ್ಟಾಕಿಂಗ್ಸ್ ಚೆಂಡು ಅಂತ ಮಾರಿದ್ದರ ಮಾತೂ ಬಂತು. ಪರೀಕ್ಷೆ ಮಾಡಿಸಿದರೆ ಅದರ ಬಣ್ಣ ಎರಡನೇ ಮಹಾಯುದ್ಧದ ನಂತರದ್ದು.

ಸನ್ನಿವೇಲ್ ಸಂತು
ಅದಕ್ಕೇ ಕಾರ್ಡು ಪರೀಕ್ಷಿಸಿ ನಂಬರ್ ಕೊಡುವ ಗ್ರೇಡಿಂಗ್ ಕಂಪನಿ ಇರುವುದಲ್ವಾ ಸಾರ್? ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಸೀಲ್ ಮಾಡಿ ನಂಬರ್ ಕೊಟ್ಟದ್ದನ್ನು ಮಾತ್ರ ತಗೊಂಡರೆ ತಲೆನೋವಿಲ್ಲ. ಹರೀಶಣ್ಣ ಕಾರ್ಡನ್ನು ಮೊದಲು ಕಳಿಸಿ ಗ್ರೇಡ್ ಮಾಡಿಸಲಿ.

ರೋಚೆಸ್ಟರ್ ರೇಖಾ
ಆ ಕತ್ತರಿಸಿದ ವ್ಯಾಗ್ನರ್ ಕೂಡ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲೇ ಇತ್ತು ಸಂತು, ಹತ್ತಕ್ಕೆ 8ರ ಗ್ರೇಡಿನಲ್ಲಿ. ಪೆಟ್ಟಿಗೆ ಮಾರುವಾಗ ಅನುಕೂಲ, ಒಪ್ಪುತ್ತೇನೆ. ಆದರೆ ಕೊಳ್ಳುವವನು ಕಣ್ಣು ಮುಚ್ಚಿಕೊಳ್ಳಲು ಅದು ನೆಪ ಆಗಬಾರದು. ಫೋಟೋಗಳಿಗಂತೂ ಪೆಟ್ಟಿಗೆಯೇ ಬೇಡ. ಹಿಂಭಾಗ, ಅಂಚು, ಕಾಗದದ ದಪ್ಪ, ಎಲ್ಲಾ ಕೈಯಲ್ಲಿ ಹಿಡಿದು ನೋಡಬೇಕು.

ಒಂದು ಅಲ್ಟ್ರಾವಯೊಲೆಟ್ ಟಾರ್ಚು ಇಟ್ಟುಕೊಳ್ಳಿ ಹರೀಶ್. ಅಗ್ಗಕ್ಕೆ ಸಿಗುತ್ತದೆ. ಎರಡನೇ ಮಹಾಯುದ್ಧದ ನಂತರದ ಎಷ್ಟೋ ಕಾಗದದಲ್ಲಿ ಬೆಳ್ಳಗೆ ಕಾಣಲಿ ಅಂತ ಒಂದು ರಾಸಾಯನಿಕ ಸೇರಿಸುತ್ತಾರೆ, ಕತ್ತಲೆಯಲ್ಲಿ ಟಾರ್ಚು ಬಿಟ್ಟರೆ ನೀಲಿಯಾಗಿ ಹೊಳೆಯುತ್ತದೆ. ಹಳೇ ಕಾಗದ ಮಂಕಾಗಿ ಇರುತ್ತದೆ. ಹೊಳೆದರೆ ಬಿಟ್ಟುಬಿಡಿ. ಹೊಳೆಯದಿದ್ದರೆ ಅಸಲಿ ಅಂತ ಅಲ್ಲ, ಹಳೇ ಕಾಗದದ ಮೇಲೆ ಹೊಸ ಮೋಸವೂ ಆಗಬಹುದು.

ಮಂಡ್ಯದ ಮಾದೇಶ
ನಾವು ಚಿಕ್ಕವರಿದ್ದಾಗ ಬಿಗ್ ಫನ್ ಚ್ಯೂಯಿಂಗ್ ಗಮ್ ಜೊತೆ ಕ್ರಿಕೆಟ್ ಕಾರ್ಡು ಬರುತ್ತಿತ್ತು. ಯಾರ ಹತ್ತಿರ ಆದ್ರೂ ಇದೆಯಾ? ನಮ್ಮಮ್ಮ ನನ್ನದನ್ನೆಲ್ಲ ಒಲೆಗೆ ಹಾಕಿದರು.

ಚಿಕ್ಕಪೇಟೆ ಚಂದ್ರು
ಬೆಂಕಿಪೊಟ್ಟಣದ ಚಿತ್ರ ನನ್ನ ಹತ್ತಿರ ಒಂದು ಚೀಲ ಇದೆ. 1800 ಡಾಲರ್‌ಗೆ ಕೊಡುತ್ತೇನೆ. ಬಿಡಿಯಾಗಿ ಕೊಡಲ್ಲ.

ಗ್ರಂಥಾಲಯದ ಗೀತಾ
ಯಾರೂ ಎತ್ತದ ಒಂದು ವಿಷಯ ಎತ್ತುತ್ತೇನೆ. ಇದು ಯಾರ ಸ್ವತ್ತು ಅಂತ ಮೊದಲು ಕೇಳಿ.

ಸ್ಪಾಲ್ಡಿಂಗ್ ಕೂಡಿಟ್ಟದ್ದು, ಪತ್ರಕರ್ತ ಹೆನ್ರಿ ಚ್ಯಾಡ್ವಿಕ್‌ನ ಪತ್ರಿಕಾ ತುಣುಕಿನ ಪುಸ್ತಕಗಳು, ರೆಡ್ ಸ್ಟಾಕಿಂಗ್ಸ್ ನಾಯಕ ಹ್ಯಾರಿ ರೈಟ್‌ನ ಪತ್ರಗಳು, ಎಲ್ಲಾ 1921ರಲ್ಲಿ ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿಗೆ ಬಂದವು. 1970ರ ದಶಕದಲ್ಲಿ ಅಲ್ಲಿಂದ ಎಷ್ಟೋ ಕಳುವಾದವು. ಪುಸ್ತಕದಿಂದ ಹಾಳೆ ಕತ್ತರಿಸಿಕೊಂಡು ಹೋದರು. 2009ರಲ್ಲಿ ಹ್ಯಾರಿ ರೈಟ್‌ಗೆ ಬರೆದ ಪತ್ರಗಳು ಒಂದು ಹರಾಜಿನಲ್ಲಿ ಕಾಣಿಸಿಕೊಂಡಾಗ ಗದ್ದಲ ಆಗಿ ವಾಪಸು ತೆಗೆದರು, ಎಫ್‌ಬಿಐ ತನಿಖೆಗೆ ಬಂತು. ಬಾಸ್ಟನ್ ಪಬ್ಲಿಕ್ ಲೈಬ್ರರಿಯ ಹಳೇ ಬೇಸ್‌ಬಾಲ್ ಫೋಟೋಗಳೂ ಹಾಗೇ ಹೋದವು. ಈ ಹವ್ಯಾಸದಲ್ಲಿ ತಿರುಗುತ್ತಿರುವ ಒಳ್ಳೊಳ್ಳೆ ಕಾಗದಗಳಲ್ಲಿ ಎಷ್ಟು ಕದ್ದದ್ದೋ. ಕೊಳ್ಳುವವರು ಇರುವುದಕ್ಕೇ ಕದಿಯುವವರು ಇದ್ದಾರೆ.

ಹಳೇಕಾಗದ ಶ್ರೀನಾಥ
ಗೀತಾ ಅವರೇ, ಕಳ್ಳತನ ತಪ್ಪು. ಎರಡು ಮಾತಿಲ್ಲ. ಆದರೆ ಎಲ್ಲಾ ಸಂಗ್ರಹಕಾರರನ್ನೂ ಕಟಕಟೆಯಲ್ಲಿ ನಿಲ್ಲಿಸಬೇಡಿ. ಲೈಬ್ರರಿಯವರು ತಮ್ಮ ಹತ್ತಿರ ಏನಿದೆ ಅಂತ ಪಟ್ಟಿಯನ್ನೇ ಸರಿಯಾಗಿ ಮಾಡಿರದಿದ್ದರೆ, ಹೋದದ್ದು ಏನು ಅಂತ ನಮಗೆ ಹೇಗೆ ಗೊತ್ತಾಗಬೇಕು? ಓಲ್ಡ್ ಜಡ್ಜ್ ಯಾವ ಭಂಗಿ ಇದೆ, ಯಾವುದಿಲ್ಲ ಅಂತ ಒಂದೊಂದೇ ಹುಡುಕಿ ಪಟ್ಟಿ ಮಾಡಿದ್ದು ಕೊಳ್ಳುವ ಹುಚ್ಚಿನವರೇ. ಬರ್ಡಿಕ್ ಕೂಡ ನಮ್ಮಂಥವನೇ.

ಗ್ರಂಥಾಲಯದ ಗೀತಾ
ಬರ್ಡಿಕ್ ಕೊಟ್ಟ. ನೀವು ಕೊಡುತ್ತೀರಾ?

ಹಳೇಕಾಗದ ಶ್ರೀನಾಥ
ನನ್ನ ಮಗನಿಗೆ ಬೇಡ ಅಂದರೆ ಖಂಡಿತ ಕೊಡುತ್ತೇನೆ. ಅವನಿಗೆ ಬೇಡ ಅನ್ನುವ ಲಕ್ಷಣ ಈಗಲೇ ಕಾಣುತ್ತಿದೆ.

ಗದಗಿನ ಗಂಗಾಧರ
ಇಬ್ಬರದೂ ಸರಿ ಅದ. ಒಂದು ಉದಾಹರಣೆ ಕೇಳ್ರಿ. 1857ರಲ್ಲಿ ಕ್ಲಬ್ಬುಗಳೆಲ್ಲ ಸೇರಿ ನಿಯಮ ಮಾಡಿದಾಗ ನಿಕರ್‌ಬಾಕರ್ ಕ್ಲಬ್ಬಿನ ಡಾಕ್ ಆ್ಯಡಮ್ಸ್ ತನ್ನ ಕೈಯಲ್ಲಿ ಬರೆದ ಹಾಳೆಗಳಿವೆ. ಓಡಿ ಮುಟ್ಟುವ ಬೇಸ್‌ಗಳ ನಡುವೆ 90 ಅಡಿ, ಒಂಬತ್ತು ಇನ್ನಿಂಗ್ಸ್, ಈಗಲೂ ನಡೆಯುತ್ತಿರುವುದು ಅದೇ. 1999ರಲ್ಲಿ ಸಾಥಬೀಸ್ ಹರಾಜಿನಲ್ಲಿ ಅವು 12,650 ಡಾಲರ್‌ಗೆ ಹೋದವು. ಆಗ ಅದರ ಮಹತ್ವ ಯಾರಿಗೂ ಸರಿಯಾಗಿ ಹೊಳೆದಿರಲಿಲ್ಲ. 2016ರಲ್ಲಿ ಅದೇ ಹಾಳೆಗಳಿಗೆ 32 ಲಕ್ಷ ಡಾಲರ್ ದಾಟಿತು. ಇತಿಹಾಸ ಓದಿದವರು ಅದೇನು ಅಂತ ಬಿಡಿಸಿ ಹೇಳಿದ್ದಕ್ಕೆ ಆ ಬೆಲೆ. ಆದರೆ ಅಲ್ಲಿಯವರೆಗೆ ಅದನ್ನು ಕಾಪಾಡಿದ್ದು ಖಾಸಗಿಯವರೇ ಅಲ್ಲೇನು?

ಗ್ರಂಥಾಲಯದ ಗೀತಾ
ಅಲ್ಲಿ ಕದ್ದದ್ದು ಇರಲಿಲ್ಲ, ಹಾಗಾಗಿ ನನ್ನ ತಕರಾರಿಲ್ಲ. ಹರೀಶ್ ಅವರೇ, ಹಿಂಭಾಗದಲ್ಲಿ ಲೈಬ್ರರಿ ಮೊಹರು ಉಜ್ಜಿದ ಗುರುತು ಇದೆಯಾ ನೋಡಿ. ಮಾರುವವರಿಂದ ಈ ಡಬ್ಬಿ ಅವರ ಮನೆಗೆ ಯಾರಿಂದ, ಯಾವಾಗ ಬಂತು ಅಂತ ಬರೆಸಿ ಸಹಿ ಹಾಕಿಸಿಕೊಳ್ಳಿ. ಇಷ್ಟು ಮಾಡದೆ ಕೊಳ್ಳಬೇಡಿ.

ಹಳೇಕಾಗದ ಶ್ರೀನಾಥ
ಇದನ್ನು ಒಪ್ಪುತ್ತೇನೆ. ನಾನೂ ಅದನ್ನೇ ಮಾಡುವುದು.

ನ್ಯೂಜೆರ್ಸಿ ನಾಗರತ್ನ
ಕ್ಯಾಪ್ ಆ್ಯನ್ಸನ್ ಕಾರ್ಡು ಅಪರೂಪ ಅಂತ ಅಷ್ಟು ಹೊಗಳಿದಿರಲ್ಲ ಶ್ರೀನಾಥ್ ಅವರೇ, ಅವನು ಮಾಡಿದ್ದೂ ಹೇಳಿ. 1883ರಲ್ಲಿ ಟೊಲೆಡೊ ತಂಡದಲ್ಲಿ ಕಪ್ಪು ಆಟಗಾರ ಫ್ಲೀಟ್ ವಾಕರ್ ಇದ್ದಾನೆ ಅಂತ ಆಡುವುದಿಲ್ಲ ಎಂದು ಹಟ ಹಿಡಿದವನು. ಟಿಕೆಟ್ ದುಡ್ಡು ಹೋಗುತ್ತದೆ ಅಂದ ಮೇಲೆ ಆಡಿದ. ವಾಕರ್ 1884ರಲ್ಲಿ ಮೇಲ್ಮಟ್ಟದ ಮೇಜರ್ ಲೀಗಿನಲ್ಲೇ ಆಡಿದ. ಆಮೇಲೆ ಕಪ್ಪು ಜನರಿಗೆ ಬಾಗಿಲು ಮುಚ್ಚಿದ್ದು 1947ರವರೆಗೆ ತೆರೆಯಲಿಲ್ಲ. ನಾನಾಗಿದ್ದರೆ ವಾಕರ್ ಇರುವ ಒಂದು ಫೋಟೋಗೆ ಹತ್ತು ಆ್ಯನ್ಸನ್ ಬಿಟ್ಟುಕೊಡುತ್ತೇನೆ.

ಹಳೇಕಾಗದ ಶ್ರೀನಾಥ
ಹೊಗಳಲಿಲ್ಲ ಮೇಡಂ, ಬೆಲೆ ಹೇಳಿದೆ. ವಾಕರ್ ಫೋಟೋ ಸಿಕ್ಕರೆ ನಾನೂ ನಿಮ್ಮ ಹಿಂದೆಯೇ ಸಾಲಿನಲ್ಲಿ ನಿಲ್ಲುತ್ತೇನೆ.

ಹೊಬೋಕನ್ ಹರೀಶ
ಶನಿವಾರ ಮತ್ತೆ ಹೋಗಿ ಬಂದೆ. ಭೂತಗನ್ನಡಿ, ಟಾರ್ಚು ಎರಡೂ ತಗೊಂಡು ಹೋಗಿದ್ದೆ. ಮನೆಯವರು ನನ್ನನ್ನು ಪೊಲೀಸಿನವನು ಅಂದುಕೊಂಡಿರಬೇಕು.

ಕಾರ್ಡಿನಲ್ಲಿ ಚುಕ್ಕಿ ಇಲ್ಲ, ಹೊಳೆಯಲೂ ಇಲ್ಲ. ಶ್ರೀನಾಥ್ ಸಾರ್ ಹೇಳಿದ ದಾರವೂ ಕಂಡಿತು, ಚೆಂಡಿನ ಮೇಲೆ ಸಣ್ಣ ಗೆರೆ. ಫೋಟೋದ ಹಿಂದೆ 2 ಸೆಂಟ್ ಚೀಟಿ, ಶಾಯಿ ಗೆರೆ ರಟ್ಟಿನ ಮೇಲೂ ಹರಿದಿದೆ. ಗೀಚಿದ್ದರಲ್ಲಿ 1865 ಓದಬಹುದು. ಮೊಹರು ಉಜ್ಜಿದ ಗುರುತು ಎರಡರಲ್ಲೂ ಇಲ್ಲ. ಆದರೆ ಎಡಗಡೆ ಕುಳಿತವನ ಕಾಲ ಹತ್ತಿರ ಏನೋ ಇದೆ. ಭೂತಗನ್ನಡಿಯಲ್ಲಿ ನೋಡಿದರೆ ಬೆಂಕಿ ಆರಿಸುವ ಪಡೆಯವರ ಚರ್ಮದ ಟೋಪಿ ಥರ ಕಾಣುತ್ತದೆ.

ಚೆಂಡು ಬೇಡ ಅಂದೆ. ಮೊದಲು ಒಪ್ಪಲಿಲ್ಲ. ಆಮೇಲೆ ಟೋಪಿ ತೋರಿಸಿದೆ. ಕೊನೆಗೆ ಕಾರ್ಡು, ಫೋಟೋ ಎರಡಕ್ಕೆ 450 ಡಾಲರ್. ಅಜ್ಜನಿಂದ ಬಂದದ್ದು ಅಂತ ಬರೆದು ಸಹಿ ಹಾಕಿ ಕೊಟ್ಟರು.

ರೋಚೆಸ್ಟರ್ ರೇಖಾ
ಟೋಪಿ ಇದೆಯಾ! ಹಾಗಿದ್ದರೆ ಬೇಸ್‌ಬಾಲ್ ಅಲ್ಲ, ಒಳ್ಳೆಯ ಬೆಂಕಿ ಪಡೆಯ ಫೋಟೋ. ನಿಮಗೆ ಬೇಡವಾದ ದಿನ ನನಗೆ ಮೊದಲು ಹೇಳಿ.

ಸನ್ನಿವೇಲ್ ಸಂತು
ಚೆಂಡು ಬಿಟ್ಟುಬಂದಿರಾ? ಅಸಲಿ ಆಗಿದ್ದಿದ್ದರೆ?

ಹಳೇಕಾಗದ ಶ್ರೀನಾಥ
ಆಗಿದ್ದಿದ್ದರೆ ಇನ್ನೊಬ್ಬರು ತಗೊಳ್ಳಲಿ. 450 ಹೆಚ್ಚೇನೂ ಆಗಲಿಲ್ಲ ಹರೀಶ್. ಈಗ ಮುಖ್ಯ ಮಾತು: ಆಮ್ಲ ಇಲ್ಲದ ಕಾಗದ, ಪಾಲಿಯೆಸ್ಟರ್ ಹಾಳೆಯ ತೆಳು ಚೀಲ. ಬಿಸಿಲಿಗೆ ಇಡಬೇಡಿ, ಈ ಫೋಟೋಗಳು ಬೇಗ ಹಳದಿಯಾಗಿ ಮಾಸುತ್ತವೆ. ಗೋಡೆಗೆ ಹಾಕಬೇಕು ಅನ್ನಿಸಿದರೆ ಸ್ಕ್ಯಾನ್ ಮಾಡಿ ಪ್ರತಿ ಹಾಕಿ.

ಹೊಬೋಕನ್ ಹರೀಶ
ಊರಿಂದ ಮಾವ ಬಂದಿದ್ದಾರೆ. ಲ್ಯಾಮಿನೇಷನ್ ಮಾಡಿಸಿಬಿಡೋಣ ಅಂತ ಬೆಳಗ್ಗೆಯಿಂದ ಹಿಂದೆ ಬಿದ್ದಿದ್ದಾರೆ.

ರೋಚೆಸ್ಟರ್ ರೇಖಾ
ಅಯ್ಯೋ! ಮಾವನಿಂದ ದೂರ ಇಡಿ!

ಚಿಕ್ಕಪೇಟೆ ಚಂದ್ರು
ಮಾವನ ಪರ ನಾನಿದ್ದೇನೆ. ನಮ್ಮ ಮನೆಯಲ್ಲಿ ರೇಷನ್ ಕಾರ್ಡಿಂದ ಹಿಡಿದು ಎಲ್ಲಾ ಲ್ಯಾಮಿನೇಷನ್ನೇ.

ಮಂಡ್ಯದ ಮಾದೇಶ
ಕ್ರಿಕೆಟ್‌ಗೂ ಇದಕ್ಕೂ ಏನಾದರೂ ನಂಟು ಇದೆಯಾ ಸಾರ್? ನನಗೆ ಅದರಲ್ಲಿ ಆಸಕ್ತಿ ಜಾಸ್ತಿ.

ಗದಗಿನ ಗಂಗಾಧರ
ಭಾಳ ಇದೆ. ರೆಡ್ ಸ್ಟಾಕಿಂಗ್ಸ್ ಕಟ್ಟಿದ ಹ್ಯಾರಿ ರೈಟ್ ಇಂಗ್ಲೆಂಡಿನಲ್ಲಿ ಹುಟ್ಟಿದ ಕ್ರಿಕೆಟಿಗ. ಪತ್ರಿಕೆಯಲ್ಲಿ ಸ್ಕೋರುಪಟ್ಟಿ ಬೆಳೆಸಿದ ಚ್ಯಾಡ್ವಿಕ್ ಕೂಡ ಇಂಗ್ಲೆಂಡಿನಿಂದ ಬಂದು ಮೊದಲು ಕ್ರಿಕೆಟ್ ವರದಿ ಬರೆದವನು. 1888-89ರಲ್ಲಿ ಸ್ಪಾಲ್ಡಿಂಗ್ ಎರಡು ತಂಡ ಕಟ್ಟಿಕೊಂಡು ಜಗತ್ತು ಸುತ್ತಿದ. ಆಸ್ಟ್ರೇಲಿಯಾ ಮುಗಿಸಿ ಕೊಲಂಬೊದಲ್ಲಿ ಒಂದು ಪಂದ್ಯ ಆಡಿ, ನಮ್ಮ ಕಡೆ ಬರದೆ ನೇರ ಈಜಿಪ್ಟಿಗೆ ಹೋದ. ಪಿರಮಿಡ್ ಎದುರು ಆಡಿ, ಸ್ಫಿಂಕ್ಸ್ ಮೇಲೆ ಹತ್ತಿ ಫೋಟೋ ತೆಗೆಸಿಕೊಂಡರು. ಆ ಪ್ರವಾಸದ ಚೀಟಿ, ಊಟದ ಪಟ್ಟಿ ಏನು ಸಿಕ್ಕರೂ ಜನ ಮುಗಿಬೀಳುತ್ತಾರೆ. ಕೊಲಂಬೊ ಕಡೆ ಯಾರಾದರೂ ನೆಂಟರಿದ್ದರೆ ಅಟ್ಟ ಹುಡುಕಿಸಿ.

ಹಳೇಕಾಗದ ಶ್ರೀನಾಥ
ಆಗಿನ ನಿಯಮವೂ ನಿಮಗೆ ಹಿಡಿಸುತ್ತದೆ ಮಾದೇಶ್. 1864ರವರೆಗೆ ಚೆಂಡು ಒಂದು ಸಲ ನೆಲಕ್ಕೆ ಬಿದ್ದು ಪುಟಿದ ಮೇಲೆ ಹಿಡಿದರೂ ಔಟ್. ನಮ್ಮ ಗಲ್ಲಿಯ ಒನ್ ಪಿಚ್ ಕ್ಯಾಚ್ ಹಾಗೇ. ಗ್ಲೌಸ್ ಇಲ್ಲ, ಬರಿಗೈ.

ಮಂಡ್ಯದ ಮಾದೇಶ
ಒಂದೇ ಕೈಯಲ್ಲಿ ಹಿಡಿಯಬೇಕಾ, ಎರಡೂ ಕೈ ನಡೆಯುತ್ತಾ?

ಹಳೇಕಾಗದ ಶ್ರೀನಾಥ
ಎರಡೂ ನಡೆಯುತ್ತದೆ. ಲಾಂಗ್ ಐಲೆಂಡಿನ ಓಲ್ಡ್ ಬೆತ್‌ಪೇಜ್‌ನಲ್ಲಿ ಈಗಲೂ ಹಳೇ ನಿಯಮದಲ್ಲಿ, ಹಳೇ ಕಾಲದ ಅಂಗಿ ಹಾಕಿಕೊಂಡು ಆಡುತ್ತಾರೆ. ಒಹಾಯೊದಲ್ಲಿ ಮಫಿನ್ಸ್ ಅಂತ ತಂಡ 1981ರಿಂದ ಇದೆ. ಬೇಸಿಗೆಯಲ್ಲಿ ಬೆತ್‌ಪೇಜ್‌ಗೆ ನಾನು ಹೋಗುವವನಿದ್ದೇನೆ. ಬರುವವರು ಹೆಸರು ಹಾಕಿ.

ನ್ಯೂಜೆರ್ಸಿ ನಾಗರತ್ನ
ನಾನು, ನಮ್ಮ ಯಜಮಾನರು, ಇಬ್ಬರು ಮಕ್ಕಳು. ಪುಳಿಯೋಗರೆ ನನ್ನದು.

ಹೊಬೋಕನ್ ಹರೀಶ
ನಾನೂ ಬರುತ್ತೇನೆ. ಮಾವ ಅಷ್ಟರಲ್ಲಿ ಊರಿಗೆ ಹೋಗಿರುತ್ತಾರೆ.

ಚಿಕ್ಕಪೇಟೆ ಚಂದ್ರು
ಟಿಕೆಟ್ ಕಳಿಸಿದರೆ ನಾನೂ ರೆಡಿ. ಅಂಪೈರ್ ಆಗಿ ಮಾತ್ರ.